ಎಷ್ಟು ಸೈಕಲ್ ಬೇಕು? ಮೊದಲು ಸವಾರಿಯ ಲೆಕ್ಕ ಬರೆಯಿರಿ

ಸೈಕಲ್ ತುಳಿಯುವ ಹುಚ್ಚು ಹತ್ತಿದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಇನ್ನೊಂದು ಕೊಳ್ಳಲೇ? ದಿನವೂ ಕೆಲಸಕ್ಕೆ ಒಯ್ಯುವ ಭಾರದ ಸೈಕಲ್ಲಿನಲ್ಲೇ ಭಾನುವಾರ ಎಂಬತ್ತು ಕಿಲೋಮೀಟರ್ ಹೋಗಿ ಬಂದರೆ ಸೊಂಟ ಹಿಡಿದುಕೊಳ್ಳುತ್ತದೆ. ತೆಳ್ಳನೆ ಟಯರಿನ ರೋಡ್ ಬೈಕನ್ನು ಕಲ್ಲುದಾರಿಗೆ ಇಳಿಸಿದರೆ ಅಂಗೈ ಜೋಮು ಹಿಡಿಯುತ್ತದೆ. ಒಂದೇ ಸೈಕಲ್ಲಿಗೆ ಎರಡೂ ಕೆಲಸ ಹಚ್ಚಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಟೂರ್ ಡಿ ಫ್ರಾನ್ಸ್‌ನ ಸವಾರರೂ ಗಡಿಯಾರದ ಎದುರು ಓಡುವ ಟೈಮ್ ಟ್ರಯಲ್ ದಿನ ಬೇರೆಯದೇ ಸೈಕಲ್ ಏರುತ್ತಾರೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಶೋಕಿಯೇ ಆಗಬೇಕೆಂದಿಲ್ಲ. ನನ್ನಲ್ಲಿ ಈಗ ಮೂರಿವೆ. ನಾಲ್ಕನೆಯದೂ ಇತ್ತು; ಅದರ ಕಥೆ ಕೊನೆಗೆ.

ಒಂದು ತಿಂಗಳು ಬರೆದಿಡಿ

ಅಂಗಡಿಗೆ ಹೋಗುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಸವಾರಿಗೂ ನಾಲ್ಕು ಸಂಗತಿ ಸಾಕು: ಎಷ್ಟು ದೂರ, ಡಾಂಬರೋ ಮಣ್ಣೋ ಕಲ್ಲೋ, ಏನು ಹೊತ್ತಿರಿ, ಸೈಕಲ್ ಎಲ್ಲಿ ನಿಲ್ಲಿಸಿದಿರಿ. ಹೋಗಬೇಕೆಂದು ಆಸೆಪಟ್ಟ ಸವಾರಿ ಬೇಡ, ಹೋಗಿ ಬಂದದ್ದು ಮಾತ್ರ.

ತಿಂಗಳ ಕೊನೆಗೆ ಪುಟ ತಿರುವಿದರೆ ಬಹಳ ಜನರಿಗೆ ಒಂದೇ ಉತ್ತರ ಸಿಗುತ್ತದೆ: ಹೆಚ್ಚಿನ ಸವಾರಿಗಳು ಐದಾರು ಕಿಲೋಮೀಟರಿನವು, ಬೆನ್ನಿಗೋ ಕ್ಯಾರಿಯರಿಗೋ ಚೀಲ. ಹಾಗಿದ್ದರೆ ಒಳ್ಳೆಯ ಬ್ರೇಕು, ಮಡ್‌ಗಾರ್ಡು, ಸ್ಟ್ಯಾಂಡು, ದೀಪ ಮೊದಲು ಸಿಗಬೇಕಾದದ್ದು ಆ ದಿನನಿತ್ಯದ ಸೈಕಲ್ಲಿಗೆ. ದುಡ್ಡೆಲ್ಲ ಭಾನುವಾರದ ಸೈಕಲ್ಲಿಗೆ ಸುರಿದು, ದಿನಾ ತುಳಿಯುವುದನ್ನು ಕಿರುಗುಟ್ಟಲು ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸೈಕಲ್ಲಿಗಿಂತ ಮುಂಚೆ ಚಕ್ರ

ನಿಮ್ಮ ಸವಾರಿಗಳಲ್ಲಿ ಬೇರೆಬೇರೆಯಾಗಿರುವುದು ದಾರಿ ಮಾತ್ರವೇ? ಹಾಗಾದರೆ ಎರಡನೇ ಸೈಕಲ್ ಬೇಡ, ಇನ್ನೊಂದು ಜೊತೆ ಚಕ್ರ ಸಾಕಾಗಬಹುದು. ಡಾಂಬರಿಗೂ ಮಣ್ಣುದಾರಿಗೂ ಸಲ್ಲುವ, ಡಿಸ್ಕ್ ಬ್ರೇಕಿನ ಗ್ರಾವೆಲ್ ಬೈಕ್ ಇದ್ದರೆ ಒಂದು ಜೊತೆಗೆ 32 ಮಿ.ಮೀ. ನುಣುಪು ಟಯರು, ಇನ್ನೊಂದಕ್ಕೆ 42 ಮಿ.ಮೀ. ಗುಬಟಿನ ಟಯರು ಹಾಕಿಡಿ. ಬದಲಾಯಿಸಲು ಹತ್ತು ನಿಮಿಷ. ಆದರೆ ಎರಡೂ ಜೊತೆಯ ಆ್ಯಕ್ಸಲ್, ಡಿಸ್ಕಿನ ಅಳತೆ, ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಒಂದೇ ಇರಬೇಕು. ಅಗಲದ ಟಯರಿಗೆ ಫ್ರೇಮಿನಲ್ಲಿ ಜಾಗ ಇದೆಯೇ ಎಂಬುದನ್ನೂ ಮೊದಲೇ ಅಳೆಯಿರಿ.

ಕೂರುವ ಭಂಗಿ ಬೇರೆಯಾಗಬೇಕು, ಹೊರೆ ಹೊರಬೇಕು, ಮಡಚಿ ರೈಲಿಗೆ ಹತ್ತಿಸಬೇಕು ಎಂದಾದರೆ ಚಕ್ರ ಬದಲಿಸಿ ಪ್ರಯೋಜನವಿಲ್ಲ. ಆಗ ಇನ್ನೊಂದು ಸೈಕಲ್ಲೇ ಬೇಕು.

ಎರಡನೆಯದು ಮೊದಲಿನದಕ್ಕೆ ತೀರ ಬೇರೆಯಾಗಿರಲಿ

ರೋಡ್ ಬೈಕ್ ಇದ್ದವರು ಗ್ರಾವೆಲ್ ಬೈಕ್ ತಂದರೆ ಅರ್ಧದಷ್ಟು ಸವಾರಿಗೆ ಯಾವುದನ್ನು ತೆಗೆಯಲಿ ಎಂದು ಯೋಚಿಸುವ ಹಾಗಾಗುತ್ತದೆ. ಮೌಂಟನ್ ಬೈಕ್ ತಂದರೆ ಆ ಗೊಂದಲವೇ ಇಲ್ಲ.

ಆ ಸೈಕಲ್ ಹುಟ್ಟಿದ್ದೇ ಬೇರೆಯ ಕೆಲಸಕ್ಕೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಗೆಳೆಯರ ಗುಂಪೊಂದು ಹಳೆಯ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಗುಡ್ಡದಿಂದ ಇಳಿಯುತ್ತಿತ್ತು. ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ ಚಕ್ರದ ನಡುವಿನ ಹಬ್‌ನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗಿಳಿದ ಮೇಲೆ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಅವರ ಇಳಿಜಾರಿನ ಪಂದ್ಯಕ್ಕೆ 'ರಿಪ್ಯಾಕ್' (ಮತ್ತೆ ತುಂಬು) ಎಂದು ಹೆಸರು ಬಂದದ್ದೂ ಅದರಿಂದಲೇ. 1977ರಲ್ಲಿ ಅವರಲ್ಲೊಬ್ಬರಾದ ಜೋ ಬ್ರೀಜ್ ಈ ಸವಾರಿಗೆಂದೇ ಹೊಸ ಫ್ರೇಮ್ ಕಟ್ಟಿದರು. ಇದ್ದ ಸೈಕಲ್ ತಾಳಿಕೊಳ್ಳದಿದ್ದಾಗ ಇನ್ನೊಂದು ಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಬಿಡಿಭಾಗ ಒಂದಕ್ಕೊಂದು ಕೂಡುವಂತಿರಲಿ

ಟಯರಿನ ಪಕ್ಕದಲ್ಲಿ 32-622 ಎಂಬಂಥ ಅಂಕೆ ಇರುತ್ತದೆ. ಮೊದಲಿನದು ಟಯರಿನ ಅಗಲ, ಎರಡನೆಯದು ಟಯರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700ಸಿ ಮತ್ತು 29 ಇಂಚು ಎಂದು ಬೇರೆಬೇರೆ ಹೆಸರು ಕೇಳಿ ಗಾಬರಿಯಾಗಬೇಡಿ, ಎರಡೂ 622ನೇ. 27.5 ಇಂಚು ಎಂದರೆ 584, ಮೌಂಟನ್ ಬೈಕಿನ ಹಳೆಯ 26 ಇಂಚು ಎಂದರೆ 559. ವಾಲ್ವ್ ಎಲ್ಲದಕ್ಕೂ ಒಂದೇ ಬಗೆಯದಾದರೆ ಪಂಪಿನ ತಲೆ ಬದಲಿಸುವ ತಾಪತ್ರಯವಿಲ್ಲ. ಹಿಂದಿನ ಗೇರುಗಳ ಸಂಖ್ಯೆಯೂ ಒಂದೇ ಆದರೆ ಮನೆಯಲ್ಲಿ ಒಂದು ಬಗೆಯ ಚೈನು ಇಟ್ಟರೆ ಆಯಿತು.

ಪೆಡಲ್ ಅಂತೂ ಒಂದೇ ಬಗೆಯದು ಹಾಕಿಸಿ, ಕಾಲಿಗೆ ಗೊಂದಲವಾಗುವುದಿಲ್ಲ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಮರೆತು ಜೋರು ಮಾಡಿದರೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ.

ಅಳತೆ ಒಂದರಿಂದ ಇನ್ನೊಂದಕ್ಕೆ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಮಂಡಿ ನೋಯುವುದಕ್ಕೆ ಹೊಸ ಸೈಕಲ್ಲನ್ನು ಬೈಯುವ ಮೊದಲು ಟೇಪು ತೆಗೆಯಿರಿ. ನಿಮಗೆ ಹಿತವಾಗಿರುವ ಸೈಕಲ್ಲನ್ನು ಗೋಡೆಗೆ ಒರಗಿಸಿ, ಪೆಡಲಿನ ಕ್ರ್ಯಾಂಕು (ಪೆಡಲ್ ಹೊತ್ತ ತೋಳು) ತಿರುಗುವ ನಡುಬಿಂದುವಿನಿಂದ ಸೀಟಿನ ಕೊಳವೆಯ ಗುಂಟ ಸೀಟಿನ ಮೇಲ್ಭಾಗದವರೆಗೆ ಅಳೆಯಿರಿ. ಆ ಅಂಕೆಯನ್ನು ಹೊಸದಕ್ಕೆ ಹಾಕಿ.

ಇಲ್ಲೊಂದು ಸೂಕ್ಷ್ಮವಿದೆ. ಕ್ರ್ಯಾಂಕಿನ ಮೇಲೆ 170 ಅಥವಾ 175 ಎಂದು ಅದರ ಉದ್ದ ಕೆತ್ತಿರುತ್ತದೆ. ಹೊಸದರದು 5 ಮಿ.ಮೀ. ಉದ್ದವಿದ್ದರೆ ಪೆಡಲ್ ಕೆಳಗೆ ಬಂದಾಗ ಕಾಲು ಅಷ್ಟೇ ಹೆಚ್ಚು ಚಾಚಬೇಕು, ಹಾಗಾಗಿ ಸೀಟನ್ನು 5 ಮಿ.ಮೀ. ಇಳಿಸಿ. ಸೀಟಿನ ಮೂತಿ ಕ್ರ್ಯಾಂಕಿನ ನಡುಬಿಂದುವಿಗಿಂತ ಎಷ್ಟು ಹಿಂದಿದೆ ಎಂಬುದನ್ನೂ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ನೋಡಿ. ಹ್ಯಾಂಡಲಿನ ಎತ್ತರವನ್ನು ಮಾತ್ರ ನಕಲು ಮಾಡಬೇಡಿ, ಅದು ಬೇರೆಯಾಗಿರಲೆಂದೇ ಅಲ್ಲವೇ ಇನ್ನೊಂದು ಸೈಕಲ್ ತಂದದ್ದು?

ಎಲ್ಲವೂ ಹೊರಡಲು ಸಿದ್ಧವಿರಲಿ

ನಾಲ್ಕು ತಿಂಗಳು ಮುಟ್ಟದಿದ್ದ ಸೈಕಲ್ಲಿಗೆ ಒಮ್ಮೆ ಬೆಳಿಗ್ಗೆ ಗಾಳಿ ಹೊಡೆದು ಹೊರಟಿದ್ದೆ. ಮೂರನೇ ಕಿಲೋಮೀಟರಿಗೆ ಮುಳ್ಳು ಚುಚ್ಚಿತು. ಟ್ಯೂಬಿಲ್ಲದ ಟಯರು, ಒಳಗಿನ ಸೀಲೆಂಟ್ ದ್ರವ ತೂತು ಮುಚ್ಚಬೇಕಿತ್ತು. ಟಯರು ಬಿಡಿಸಿ ನೋಡಿದರೆ ಅದು ಒಣಗಿ ಹಾಲಿನ ಕೆನೆಯಂತೆ ಟಯರಿನ ಒಳಮೈಗೆ ಅಂಟಿಕೊಂಡಿತ್ತು. ಗೆಳೆಯರನ್ನು ಮುಂದೆ ಕಳಿಸಿ ತಳ್ಳಿಕೊಂಡು ಬಂದೆ.

ಅಂದಿನಿಂದ ಪ್ರತಿ ಸೈಕಲ್ಲಿನ ಹ್ಯಾಂಡಲಿಗೂ ಒಂದು ರಟ್ಟಿನ ಚೀಟಿ: ಸೀಲೆಂಟ್ ಹಾಕಿದ ದಿನ, ಚೈನಿಗೆ ಎಣ್ಣೆ ಬಿಟ್ಟ ದಿನ, ಗಾಳಿ ಹೊಡೆದ ದಿನ ಮತ್ತು ಅದರ ಒತ್ತಡ, ಸವಾರಿ ಹೋದ ದಿನ. ವಾರಕ್ಕೊಮ್ಮೆ ಎಲ್ಲಕ್ಕೂ ಗಾಳಿ, ಎರಡು ಮೂರು ತಿಂಗಳಿಗೊಮ್ಮೆ ಸೀಲೆಂಟ್ ನೋಡುವುದು. ಚೈನು ಸವೆದದ್ದನ್ನು ಹಿಗ್ಗು ಅಳೆಯುವ ಗೇಜ್ ಹಾಕಿ ನೋಡಿ. 11 ಅಥವಾ 12 ಗೇರಿನದು 0.5 ಶೇಕಡಾ ಹಿಗ್ಗಿದರೆ ಬದಲಿಸುವುದೇ ಲೇಸು, ಇಲ್ಲದಿದ್ದರೆ ಹಲ್ಲುಚಕ್ರವನ್ನೂ ತಿನ್ನುತ್ತದೆ.

ನಾಲ್ಕನೆಯದರ ಚೀಟಿಯಲ್ಲಿ ಒಂದು ವರ್ಷದಲ್ಲಿ ಗಾಳಿ ಹೊಡೆದ ದಿನಾಂಕಗಳಷ್ಟೇ ಇದ್ದವು, ಸವಾರಿಯ ದಿನಾಂಕ ಒಂದೂ ಇರಲಿಲ್ಲ. ಅದನ್ನು ಅಕ್ಕನ ಮಗಳಿಗೆ ಕೊಟ್ಟೆ. ಸೀಟು ಮೂರು ಬೆರಳು ಇಳಿಸಿಕೊಂಡಿದ್ದಾಳೆ, ದಿನಾ ಕಾಲೇಜಿಗೆ ತುಳಿಯುತ್ತಾಳೆ.