ಡೈನೊಸಾರ್ ಬೆಳ್ಳಿ ನಾಣ್ಯ: ಕೊಳ್ಳುವ ಮೊದಲು, ಕೊಂಡ ಮೇಲೆ

ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್ 2020ರಲ್ಲಿ ಮೂರು ಡೈನೊಸಾರ್‌ಗಳ ಮೂರು 50 ಪೆನ್ಸ್ (ಅರ್ಧ ಪೌಂಡ್) ನಾಣ್ಯ ಹೊರತಂದಿತು. ಮೆಗಲೊಸಾರಸ್, ಇಗ್ವಾನೊಡಾನ್, ಹೈಲಿಯೊಸಾರಸ್. 1842ರಲ್ಲಿ ವಿಜ್ಞಾನಿ ರಿಚರ್ಡ್ ಓವನ್ 'ಡೈನೊಸಾರಿಯಾ' ಎಂಬ ಗುಂಪು ಕಟ್ಟಿದ್ದು ಈ ಮೂರರ ಮೂಳೆ ನೋಡಿಯೇ. ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಈ ಸೆಟ್. ಆಕ್ಸ್‌ಫರ್ಡ್‌ನಲ್ಲಿದ್ದೇವೆ, ನೆಂಟರು ಬಂದರೆ ಇಲ್ಲಿನ ಮ್ಯೂಸಿಯಂಗೆ ಕರೆದೊಯ್ದು ಮೆಗಲೊಸಾರಸ್‌ನ ದವಡೆ ತೋರಿಸುತ್ತೇನೆ. 1824ರಲ್ಲಿ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ವಿವರಿಸಿದ್ದು ಅದನ್ನೇ. ಆ ಹಲ್ಲು ನೋಡಿದ ಮೇಲೆ ನಾಣ್ಯದ ಬೆಲೆಯೇ ಬೇರೆ ಅನಿಸುತ್ತದೆ.

ಈಗ ಮುಖ್ಯ ವಿಷಯ. ಇವು ಚಲಾವಣೆಗೆ ಬಂದ ನಾಣ್ಯಗಳಲ್ಲ. ಸಂಗ್ರಹಕಾರರಿಗೆಂದೇ ಮಾಡಿದ್ದು. ಅದೇ ಚಿತ್ರ ಸಾದಾ ಲೋಹದಲ್ಲೂ ಬಂದಿದೆ, ಬೆಳ್ಳಿಯಲ್ಲೂ ಬಂದಿದೆ. ಸಾದಾ ಅಂದರೆ 75% ತಾಮ್ರ, 25% ನಿಕಲ್. ಎರಡೂ 8 ಗ್ರಾಂ, ಎರಡೂ 27.3 ಮಿ.ಮೀ. ತೂಕ ಹಾಕಿ, ಅಗಲ ಅಳೆದು ಏನೂ ಗೊತ್ತಾಗದು. ಆಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲ. ಬಣ್ಣ ಹಚ್ಚಿದ್ದೆಲ್ಲ ಬೆಳ್ಳಿ ಅಂತಲೂ ನಂಬಬೇಡಿ, ಸಾದಾ ನಾಣ್ಯಕ್ಕೂ ಬಣ್ಣ ಹಚ್ಚಿದ್ದಾರೆ.

ಹಾಗಾದರೆ ಏನು ನೋಡಬೇಕು? ಮಾರುವವರ ವಿವರದಲ್ಲಿ 'ಸಿಲ್ವರ್ ಪ್ರೂಫ್' (ವಿಶೇಷ ಹೊಳಪು ಕೊಟ್ಟು ಮುದ್ರಿಸಿದ ಬೆಳ್ಳಿ ನಾಣ್ಯ) ಅಂತ ಸ್ಪಷ್ಟವಾಗಿ ಇರಬೇಕು. ಪೆಟ್ಟಿಗೆ, ಸರ್ಟಿಫಿಕೇಟ್ ಎರಡೂ ಬೇಕು. ನಾಣ್ಯವನ್ನು ಸ್ವಲ್ಪ ಓರೆ ಹಿಡಿದು ತೆಗೆದ ಫೋಟೊ ಕೇಳಿ. ಪ್ರೂಫ್ ಆಗಿದ್ದರೆ ಹಿನ್ನೆಲೆ ಕನ್ನಡಿ ಹಾಗೆ ಹೊಳೆಯುತ್ತದೆ, ಪ್ರಾಣಿಯ ಮೈ ಮಾತ್ರ ಮಂಜು ಕವಿದಂತೆ ಬೆಳ್ಳಗಿರುತ್ತದೆ. ಫೋಟೊ ಕಳಿಸಲು ಸಬೂಬು ಹೇಳಿದರೆ ಬಿಟ್ಟುಬಿಡಿ.

ಬೆಲೆಯ ಲೆಕ್ಕ ಸುಲಭ. ಬೆಳ್ಳಿ 925 (ಸಾವಿರಕ್ಕೆ 925 ಪಾಲು ಶುದ್ಧ), ಅಂದರೆ ಒಂದು ನಾಣ್ಯದಲ್ಲಿ 7.4 ಗ್ರಾಂ ಶುದ್ಧ ಬೆಳ್ಳಿ. ಅದಕ್ಕಿಂತ ಜಾಸ್ತಿ ಕೊಡುವುದೆಲ್ಲ ಕೆಲಸಕ್ಕೆ, ಬೇಡಿಕೆಗೆ. ಆಭರಣದ ಅಂಗಡಿಯವರು ಆ ಹೆಚ್ಚುವರಿಗೆ ದುಡ್ಡು ಕೊಡುವುದಿಲ್ಲ.

ಮನೆಗೆ ಬಂದ ಮೇಲೆ ನಾಣ್ಯದ ಪ್ಲಾಸ್ಟಿಕ್ ಕ್ಯಾಪ್ಸೂಲ್ ಬಿಚ್ಚಬೇಡಿ. ದೇವರ ದೀಪ ಉಜ್ಜುವಂತೆ ವಿಭೂತಿ, ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ, ಆ ಹೊಳಪು ಮತ್ತೆ ಬರುವುದಿಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ, ರಬ್ಬರ್ ಬ್ಯಾಂಡ್ ಎರಡೂ ದೂರವಿರಲಿ. ಮೊದಲನೆಯದು ಹಸಿರು ಜಿಗುಟು ಬಿಡುತ್ತದೆ, ಎರಡನೆಯದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮಂಗಳೂರಿನಂಥ ಕಡೆ ಕಳಿಸುವುದಾದರೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಮೂರೂ ಸಿಕ್ಕ ಮೇಲೆ 2021ರ ಮೇರಿ ಆನಿಂಗ್ ಸೆಟ್ ಹುಡುಕಿ, ಪಳೆಯುಳಿಕೆ ಹುಡುಕುತ್ತಿದ್ದ ಇಂಗ್ಲಿಷ್ ಮಹಿಳೆಯ ಹೆಸರಿನದು. ಅದರಲ್ಲಿ ಒಂದಕ್ಕೇ ದುಡ್ಡಿದ್ದರೆ ಟೆಮ್ನೊಡಾಂಟೊಸಾರಸ್ ಎಂಬ ಕಡಲ ಸರೀಸೃಪದ್ದು ತಗೊಳ್ಳಿ. ಇಂಗ್ಲೆಂಡಿನ ಕಡಲೂರು ಲೈಮ್ ರೀಜಿಸ್‌ನಲ್ಲಿ 1811ರಲ್ಲಿ ಅದರ ತಲೆಬುರುಡೆ ಕಂಡವನು ಮೇರಿಯ ಅಣ್ಣ ಜೋಸೆಫ್. ಮರುವರ್ಷ ಉಳಿದ ಮೂಳೆ ಹುಡುಕಿದವಳು ಹನ್ನೆರಡು-ಹದಿಮೂರರ ಮೇರಿ.