ಮಲ್ಪೆ ದಕ್ಕೆಯ ಕೆಂಪು ಮೀನುಗಳನ್ನು ನಾನು ಗುರುತಿಸುವ ಬಗೆ

ಆಳ ಸಮುದ್ರಕ್ಕೆ ಹೋದ ಟ್ರಾಲ್ ಬೋಟ್ ಮಲ್ಪೆಗೆ ಬಂದು ಮೀನು ಇಳಿಸುವಾಗ ಕೆಂಪು ಮೀನೆಲ್ಲ ಒಟ್ಟಿಗೇ ಬುಟ್ಟಿಗೆ ಬೀಳುತ್ತದೆ. ಮುರು (ಗ್ರೂಪರ್), ಕೆಂಬೇರಿ (ರೆಡ್ ಸ್ನ್ಯಾಪರ್), ನಡುವೆ ಮೈಯೆಲ್ಲ ಮುಳ್ಳಿನ ಒಂದೆರಡು ಚೇಳು ಮೀನು. ಇವುಗಳ ಜಾತಿ ಗುರುತಿಸಿ ಪಟ್ಟಿ ಮಾಡುವುದು ನನಗೆ ತುಂಬ ಇಷ್ಟದ ಕೆಲಸ. ಶುರು ಮಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಬಣ್ಣ ನೋಡಿ ಹೆಸರು ಹೇಳಬೇಡಿ. ಕೆಂಪು ಬೆಳಕು ಆಳಕ್ಕೆ ಇಳಿಯುವುದೇ ಇಲ್ಲ, ಹಾಗಾಗಿ ಕೆಂಪು ಮೈಯ ಮೀನು ಅಲ್ಲಿ ಕಪ್ಪಾಗಿ ಕಂಡು ಬೇಟೆಗಾರರ ಕಣ್ಣು ತಪ್ಪಿಸುತ್ತದೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಮೀನುಗಳೂ ಅಲ್ಲಿ ಕೆಂಪಾಗಿರುವುದು ಇದೇ ಕಾರಣಕ್ಕೆ. ಮೇಲಾಗಿ ಐಸಿನಲ್ಲಿ ಬಿದ್ದಿದ್ದ ಮೀನಿನ ಬಣ್ಣ ಇಳಿದಿರುತ್ತದೆ.

ನಾನು ಮೊದಲು ನೋಡುವುದು ಬೆನ್ನಿನ ರೆಕ್ಕೆ. ಅದನ್ನು ಎತ್ತಿ ಬಿಡಿಸಿ ಗಟ್ಟಿ ಮುಳ್ಳು ಎಣಿಸುತ್ತೇನೆ. ಮೊದಲನೇ ಮುಳ್ಳು ಗಿಡ್ಡ, ಅವಸರ ಮಾಡಿದರೆ ಲೆಕ್ಕಕ್ಕೇ ಸಿಗುವುದಿಲ್ಲ. ಪೇಟೆಯಲ್ಲಿ ಮುರು ಅಂತ ಮಾರುವುದರಲ್ಲೇ 11 ಮುಳ್ಳಿದ್ದರೆ ಹೆಚ್ಚಾಗಿ ಎಪಿನೆಫೆಲಸ್ ಕುಲದ್ದು. 9 ಇದ್ದರೆ ಬಾಲ ನೋಡಿ: ದುಂಡಗಿದ್ದರೆ ಸೆಫಲೊಫೋಲಿಸ್ ಕುಲ, ಚಂದ್ರನ ಕೋರೆಯ ಹಾಗೆ ಒಳಕ್ಕೆ ಬಾಗಿದ್ದರೆ ವೇರಿಯೋಲಾ ಕುಲ. ನಮ್ಮ ಕಡೆ ಜಾಸ್ತಿ ಸಿಗುವ ಎಪಿನೆಫೆಲಸ್ ಡಯಾಕ್ಯಾಂಥಸ್‌ನ ಮೈಮೇಲೆ ಐದು ಅಗಲವಾದ ಕಪ್ಪು ಪಟ್ಟೆ ಇರುತ್ತವೆ, ತಾಜಾ ಮೀನಾದರೆ ಚೆನ್ನಾಗಿ ಕಾಣುತ್ತವೆ.

ಆಮೇಲೆ ಕೆನ್ನೆ. ಕಣ್ಣಿನ ಕೆಳಗಿಂದ ಹಿಂದಕ್ಕೆ ಅಡ್ಡಲಾಗಿ ಮೂಳೆಯ ಏಣು ಇದ್ದರೆ ಅದು ಮುರು ಅಲ್ಲ, ಚೇಳು ಮೀನಿನ ಬಳಗ. ಬೆರಳು ಹಾಕಬೇಡಿ, ಪೆನ್ನಿನ ತುದಿಯಿಂದ ಸವರಿ ನೋಡಿ. ಅವುಗಳ ರೆಕ್ಕೆಯ ಮುಳ್ಳಲ್ಲಿ ವಿಷ ಇದೆ. ಚುಚ್ಚಿದರೆ ಸುಡದಷ್ಟು ಬಿಸಿಯ ನೀರಲ್ಲಿ ಕೈ ಇಟ್ಟು ಡಾಕ್ಟರ ಹತ್ತಿರ ಹೋಗಿ. ಉತ್ತರ ಪೆಸಿಫಿಕ್‌ನ ರಾಕ್‌ಫಿಶ್, ಅಂದರೆ ಸೆಬಾಸ್ಟಿಸ್ ಕುಲದ ಮೀನುಗಳಿಗೂ ಇದೇ ಏಣು. ಆ ಒಂದು ಕುಲದಲ್ಲೇ ನೂರಕ್ಕೂ ಜಾಸ್ತಿ ಜಾತಿ. ಅಲಾಸ್ಕಾ ಕಡೆ ಒಂದೇ ಹೆಸರಲ್ಲಿ ಕರೆಯುತ್ತಿದ್ದ ರಫ್‌ಐ ರಾಕ್‌ಫಿಶ್ ನಿಜವಾಗಿ ಎರಡು ಜಾತಿ ಅಂತ 2008ರಲ್ಲಿ ಬೇರ್ಪಡಿಸಿದರು. ಅದರಲ್ಲಿ ಡಿಎನ್ಎ ಪುರಾವೆಯೂ ಇತ್ತು.

ಅದಕ್ಕೇ ನಾನು ಫೋಟೋ ತೆಗೆದ ಕೂಡಲೇ ಬಲಗಡೆಯ ರೆಕ್ಕೆಯ ಚೂರು ಕತ್ತರಿಸಿ ಸ್ಪಿರಿಟ್‌ಗೆ ಹಾಕುತ್ತೇನೆ. ಇಡೀ ಮೀನು ಕೆಡದಂತೆ ಇಡುವ ದ್ರಾವಣ ಫಾರ್ಮಲಿನ್ ಆಮೇಲೆ. ಮೊದಲೇ ಫಾರ್ಮಲಿನ್‌ಗೆ ಹಾಕಿದರೆ ಡಿಎನ್ಎ ಹಾಳಾಗುತ್ತದೆ. ಫೋಟೋ ಯಾವಾಗಲೂ ಮೀನಿನ ಎಡಗಡೆಯದು, ಎಲ್ಲ ಕಡೆ ಅದೇ ರೂಢಿ, ಹಾಗಾಗಿ ಬೇರೆಯವರ ಚಿತ್ರದ ಪಕ್ಕ ಇಟ್ಟು ಹೋಲಿಸಲು ಸುಲಭ.

ಬೋಟ್ ನಡೆಸುವ ತಾಂಡೇಲರು, ಮೀನು ಮಾರುವ ಅಕ್ಕಂದಿರು ಹೇಳಿದ ಹೆಸರನ್ನೂ ಹಾಗೇ ಬರೆದುಕೊಳ್ಳುತ್ತೇನೆ. "ಅಣ್ಣ, ಇದು ಎಷ್ಟು ಮಾರು ಆಳದಲ್ಲಿ ಸಿಕ್ಕಿದ್ದು?" ಅಂತ ಕೇಳಿದರೆ ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಅವರಿಗೆ ತಿಳಿದಿರುವಷ್ಟು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಚೀಟಿ ಮಾತ್ರ ಪೆನ್ಸಿಲ್‌ನಲ್ಲೇ ಬರೆಯಿರಿ, ಸ್ಪಿರಿಟ್ ತಾಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.