ಬಾಗಲು ಹೆದರುವ ಬೆನ್ನು

ಹಳೆಯ ಸೊಂಟನೋವಿನವರು ಫಿಸಿಯೊಥೆರಪಿಸ್ಟ್ ಆದ ನನ್ನ ಬಳಿ ಬರುವಾಗ ಎಂಆರ್‌ಐ ಲಕೋಟೆಯನ್ನು ಹಿಡಿದೇ ಬರುತ್ತಾರೆ. ನಾನು ಅದನ್ನು ಕೂಡಲೇ ತೆರೆಯುವುದಿಲ್ಲ. ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದೆಯೇ, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ಮಂಕಾಗಿದೆಯೇ, ಕಾಲು ಸೋಲುತ್ತಿದೆಯೇ, ಜ್ವರವಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ ಎಂದು ಮೊದಲು ವಿಚಾರಿಸುತ್ತೇನೆ. ಇವುಗಳಲ್ಲಿ ಒಂದಿದ್ದರೂ ವ್ಯಾಯಾಮದ ಮಾತೆತ್ತದೆ ವೈದ್ಯರ ಬಳಿಗೆ ಕಳಿಸುತ್ತೇನೆ.

ಇಲ್ಲವೆಂದಾದರೆ ಬಾಗಲು ಹೇಳುತ್ತೇನೆ. ಈಚೆಗೆ ಬಂದ ಮಹಿಳೆಯೊಬ್ಬರು ಬಾಗುವ ಮೊದಲೇ ಉಸಿರು ಬಿಗಿಹಿಡಿದರು. ಕೈಗಳನ್ನು ತೊಡೆಗೆ ಊರಿ, ಬೆನ್ನನ್ನು ಹಲಗೆಯಂತೆ ಸೆಟೆಸಿಕೊಂಡು ಮೊಣಕಾಲಿನ ಮಟ್ಟಕ್ಕೆ ಬಂದು ನಿಂತುಬಿಟ್ಟರು. ನೋವು ಹತ್ತಕ್ಕೆ ಏಳು ಎಂದರು. ಕುರ್ಚಿಯಲ್ಲಿ ಕೂರಿಸಿ, ಶೂ ಲೇಸ್ ಬಿಚ್ಚಿ ಕಟ್ಟಿಕೊಳ್ಳಿ ಎಂದೆ. ಸಲೀಸಾಗಿ ಬಾಗಿ ಕಟ್ಟಿಕೊಂಡರು. ನೋವು ಎರಡಂತೆ. ನಿಂತಾಗ ಬಾಗಿದ್ದಕ್ಕಿಂತ ಸೊಂಟ ಈಗಲೇ ಹೆಚ್ಚು ಬಾಗಿತ್ತು! ಅದನ್ನು ಅವರಿಗೆ ಫೋಟೊದಲ್ಲಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಡಿಸ್ಕ್?" ಎಂದರು.

ಲಕೋಟೆ ತೆರೆಯುವ ಸಮಯ ಅದೇ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯ ಪ್ರಕಾರ, 20 ವರ್ಷದವರಲ್ಲಿ ಸುಮಾರು ಶೇ 30, 80 ವರ್ಷದವರಲ್ಲಿ ಶೇ 84 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿರುತ್ತದೆ. ವರದಿಯಲ್ಲಿ ಕಂಡದ್ದೇ ನೋವಿನ ಮೂಲವೆಂದು ಹೇಳಿಬಿಡಲು ಅದೊಂದೇ ಸಾಲದು.

ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ದ್ವಾರ ನಿಯಂತ್ರಣ ಸಿದ್ಧಾಂತವನ್ನು ಮುಂದಿಟ್ಟರು. ನರದಲ್ಲಿ ಬಂದ ಸಂಕೇತ ಇದ್ದಂತೆಯೇ ಮಿದುಳು ಸೇರುವುದಿಲ್ಲ. ಬೆನ್ನುಹುರಿಯಲ್ಲೇ ಅದು ತಗ್ಗಬಹುದು, ಏರಲೂಬಹುದು. ಮಿದುಳಿನಿಂದ ಇಳಿದುಬರುವ ಸಂಕೇತಗಳಿಗೂ ಇದರಲ್ಲಿ ಕೈವಾಡವಿದೆ. ಹೆದರಿಕೆ, ನಿದ್ದೆಗೇಡುತನ ನೋವನ್ನು ಹೆಚ್ಚಿಸುವುದು ಹೀಗೆ. ಇಷ್ಟು ಹೇಳುವಷ್ಟರಲ್ಲಿ ಕೆಲವರ ಮುಖ ಗಂಟಿಕ್ಕುತ್ತದೆ: "ನೋವೆಲ್ಲ ನನ್ನ ಭ್ರಮೆ ಅನ್ನುತ್ತೀರಾ?" ಖಂಡಿತ ಅಲ್ಲ. ನೋವು ನಿಜ, ಅದು ಬೆನ್ನಿಗೆ ಆದ ಹಾನಿಯ ಅಳತೆಯಲ್ಲ, ಅಷ್ಟೆ. ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಹಾಯಿಸಿ ನೋವು ತಗ್ಗಿಸಲು ಬಳಸುವ ಟೆನ್ಸ್ ಯಂತ್ರ ಬಂದದ್ದೂ ಇದೇ ಸಿದ್ಧಾಂತದ ಬೆನ್ನಲ್ಲಿ. ಕೇಳಿದವರಿಗೆ ಹಚ್ಚುತ್ತೇನೆ, ಆದರೆ ಅದನ್ನೇ ಚಿಕಿತ್ಸೆ ಎನ್ನುವುದಿಲ್ಲ.

ಚಿಕಿತ್ಸೆ ಬಾಗುವುದೇ. ಮೊದಲು ಕುರ್ಚಿಯಲ್ಲಿ, ಆಮೇಲೆ ಗಿಡ್ಡ ಸ್ಟೂಲಿನಲ್ಲಿ, ಬಳಿಕ ನಿಂತು ಮೇಜಿಗೆ ಕೈಯೂರಿ, ಕೊನೆಗೆ ಆಸರೆಯಿಲ್ಲದೆ. ಬಾಗುವಾಗ ಉಸಿರು ಹೊರಬಿಡಬೇಕು. ನೋವು ನಾಲ್ಕರವರೆಗೆ ಏರಿದರೆ ಚಿಂತೆಯಿಲ್ಲ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನಂತಾಗಿರಬೇಕು. ಎಷ್ಟು ಸಲ ಎಂಬುದನ್ನು ಮೊದಲೇ ಗೊತ್ತುಮಾಡುತ್ತೇನೆ. ನೋವಿಲ್ಲದ ದಿನ ಹುರುಪಿನಿಂದ ದುಪ್ಪಟ್ಟು ಮಾಡಿ ಮರುದಿನ ಮಲಗಿಬಿಡುವವರೇ ನನಗೆ ಹೆಚ್ಚು ತಲೆನೋವು. ನೋವು ಕೆರಳಿದ ದಿನ ಅರ್ಧಕ್ಕಿಳಿಸಬೇಕು, ಪೂರ್ತಿ ನಿಲ್ಲಿಸಬಾರದು.

ಆ ಮಹಿಳೆಗೆ ನೋವು ಪೂರ್ತಿ ಹೋಗಿಲ್ಲ. ಕೆಲವು ದಿನ ಈಗಲೂ ನಾಲ್ಕು ಎನ್ನುತ್ತಾರೆ. ಖಾಲಿ ಬಕೆಟ್ ಎತ್ತುವುದು ರೂಢಿಯಾಗಿದೆ, ಈಗ ಅದಕ್ಕೆ ಅರ್ಧ ನೀರು ತುಂಬಿ ಎತ್ತಿಸುತ್ತಿದ್ದೇನೆ.